ಎಷ್ಟದ ನೋಡು

ಮಾಮಿ ಹೋದ ಮೂರನೆಯ ದಿನ ಅವರ ತಮ್ಮನ ಮಗ ಪಲ್ಲಾವರಂನಿಂದ ಫೋನ್ ಮಾಡಿದ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿರುವವನು, ನಲವತ್ತು ದಾಟಿದೆ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. “ಅಕ್ಕಾ, ಅತ್ತೆ ಹದಿಮೂರಕ್ಕೆ ಸಮೈಯಲ್‌ಗೆ ಯಾರನ್ನಾದ್ರೂ ತೆರಿಯುಮಾ?” ಅಂದ. ಹದಿಮೂರನೆಯ ದಿನಕ್ಕೆ ಅಡಿಗೆಯವರು ಯಾರಾದರೂ ಗೊತ್ತೇ ಎಂದು ಅವನ ಪ್ರಶ್ನೆ. ನನಗೆ ನಗು ಬಂತು. ಕಡೆಯ ಒಂದೂವರೆ ವರ್ಷ ಬಿಟ್ಟರೆ, ಮೂವತ್ತು ವರ್ಷ ಕೋಡಂಬಾಕ್ಕಂ ಸುತ್ತಮುತ್ತಲಿನ ಮಾಧ್ವರ ಮನೆಗಳಲ್ಲಿ ತಿಥಿ ಬಂತೆಂದರೆ ಎಲ್ಲರೂ ಫೋನ್ ಮಾಡುತ್ತಿದ್ದದ್ದು ಈ ಮಾಮಿಗೇ. ಈಗ ಮಾಮಿಯ ತಿಥಿಯ ಅಡಿಗೆಗೆ ಯಾರಿಗೆ ಫೋನ್ ಮಾಡುವುದು? “ವಿಚಾರಿಸ್ತೀನಪ್ಪ,” ಎಂದು ಇಟ್ಟೆ.

ಕೊನೆಗೆ ಮಾಂಬಲಂನ ಯಾರೋ ಕೇಟರಿಂಗಿನವರು ಬಂದು ಮಾಡಿದರು. ಸಾರಿಗೆ ಉಪ್ಪು ಕಡಿಮೆಯಿತ್ತು. ಆದರೂ ಎರಡು ಸಲ ಬಡಿಸಿಕೊಂಡು ಉಂಡೆ. ಅವತ್ತು ನನಗೆ ಏನೂ ಅನ್ನಿಸಲಿಲ್ಲ, ಇವತ್ತಿಗೂ ಅಷ್ಟೇ. ಇದನ್ನು ಬರೆಯಲು ನಾಚಿಕೆ, ಆದರೆ ಅನ್ನಿಸಿದಂತೆ ನಟಿಸಲು ಅದಕ್ಕಿಂತ ನಾಚಿಕೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೇ ಸೇರುತ್ತಿರಲಿಲ್ಲ. ಮದುವೆ ಅಡಿಗೆಯವರಿಗೆ ಹೆಸರು ಬೇಕು, ಬೋರ್ಡು ಬೇಕು, ತಿಥಿ ಅಡಿಗೆಯವರಿಗೆ ಬೇಡ ಎನ್ನುತ್ತಿದ್ದರು. “ಸತ್ತವರ ಊಟಕ್ಕ ಬಂದಾಕಿ ನಾ. ಅವತ್ತು ಆ ಮನ್ಯಾಗ ಒಂದೇ ಹೆಸರು ಹೇಳಬೇಕು. ಅದು ನಂದಲ್ಲ.” ಎಲ್ಲರೂ ಮಾಮಿ ಎನ್ನುತ್ತಿದ್ದರು, ನಾನೂ ಹಾಗೇ. ರಾಯಚೂರು ಕಡೆಯಿಂದ ಮದುವೆಯಾಗಿ ಮದರಾಸಿಗೆ ಬಂದವರು. ಗಂಡ ಬೇಗ ತೀರಿಕೊಂಡರು, ಮಕ್ಕಳಿಲ್ಲ. ನಲವತ್ತು ವರ್ಷ ಇಲ್ಲಿದ್ದು ತಮಿಳು ಅರಳು ಹುರಿದಂತೆ ಮಾತಾಡುತ್ತಿದ್ದರು, ಆದರೆ ಕನ್ನಡಕ್ಕೆ ಬಂದರೆ ಅದೇ ರಾಯಚೂರು. ನನ್ನ ಕನ್ನಡ ಕೇಳಿ, “ಏನವಾ, ನೀರು ಹಾಕಿದ ಮಜ್ಜಿಗಿ ಇದ್ದಂಗ ಅದ,” ಎಂದು ಆಡಿಕೊಳ್ಳುತ್ತಿದ್ದರು. ನಮ್ಮದು ಮೂರು ತಲೆಮಾರಿನ ಮದರಾಸು, ಮಜ್ಜಿಗೆಯಾಗಿ ಉಳಿದದ್ದೇ ಹೆಚ್ಚು.

ಕೋಡಂಬಾಕ್ಕಂನಲ್ಲಿ ಹಿಂದೆ ಯಾವುದೋ ಸ್ಟುಡಿಯೋ ಇದ್ದ ಜಾಗದಲ್ಲಿ ಕಟ್ಟಿದ ಅಪಾರ್ಟ್‌ಮೆಂಟು ನಮ್ಮದು. ಎರಡನೆಯ ಮಹಡಿಯಲ್ಲಿ ನನ್ನ ಮನೆ, ಎದುರುಬಾಗಿಲು ಮಾಮಿಯದು. ನಾನು ಒಂಟಿ, ಅವರೂ ಒಂಟಿ. ಹಾಗೆಂದು ಮೊದಲ ಎಂಟು ವರ್ಷ ನಮ್ಮಿಬ್ಬರಿಗೆ ಅಂಥ ಬಳಕೆಯೇನೂ ಇರಲಿಲ್ಲ. ಅವರು ಬೆಳಗಿನ ಆರಕ್ಕೆ ಮಡಿಸೀರೆಯ ಗಂಟು ಹಿಡಿದು ಆಟೋ ಹತ್ತುತ್ತಿದ್ದರು, ನಾನು ಒಂಬತ್ತಕ್ಕೆ ಕ್ಲಿನಿಕ್ಕಿಗೆ ಹೊರಡುತ್ತಿದ್ದೆ. ವರ್ಷಕ್ಕೊಮ್ಮೆ ನಮ್ಮಪ್ಪನ ತಿಥಿಗೆ ಬಂದು ಅಡಿಗೆ ಮಾಡಿ ಹೋಗುತ್ತಿದ್ದರು, ಅಷ್ಟೇ.

ಆ ಅಡಿಗೆಯ ವಿಷಯ ಸ್ವಲ್ಪ ಹೇಳಬೇಕು. ತಿಥಿ ಅಡಿಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ, ಮೂಸುವಂತಿಲ್ಲ. ಬ್ರಾಹ್ಮಣರ ಊಟವಾಗಿ, ಪಿಂಡಪ್ರದಾನವಾಗಿ, ಮನೆಯವರು ಎಲೆ ಹಾಕಿಕೊಳ್ಳುವವರೆಗೆ ಮಾಮಿ ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಬಾಳೆಕಾಯಿ, ಹಾಗಲಕಾಯಿ, ಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ, ಪಾಯಸ, ಎಲ್ಲವನ್ನೂ ಒಂದೇ ಒಂದು ಸಲ ನಾಲಿಗೆಗೆ ಮುಟ್ಟಿಸದೆ ಮಾಡುತ್ತಿದ್ದರು. ಹಾಗಾದರೆ ಉಪ್ಪು ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದೆ. “ಉಪ್ಪು ಕಮ್ಮಿ ಇದ್ರ ಸಾರು ಬ್ಯಾರೆ ಥರಾ ಕುದೀತದವಾ. ಕಿವಿ ಇಲ್ಲೇನು?” ಅಂದರು. ಬುರುಡೆ ಬಿಡುತ್ತಿದ್ದಾರೆ ಎಂದುಕೊಂಡೆ. ಆದರೆ ಆ ಸಾರಿನಲ್ಲಿ ಒಂದು ವರ್ಷವೂ ಉಪ್ಪು ಹೆಚ್ಚುಕಡಿಮೆ ಆದದ್ದಿಲ್ಲ.

ನನ್ನ ಕೆಲಸ ಮಧುಮೇಹದ ಕ್ಲಿನಿಕ್ಕಿನಲ್ಲಿ. ಡಾಕ್ಟರು ಬರೆದುಕೊಟ್ಟದ್ದನ್ನು ರೋಗಿಗಳಿಗೆ ಬಿಡಿಸಿ ಹೇಳುವುದು, ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸುವುದು, ತೋಳಿಗೆ ಸೆನ್ಸರ್ ಅಂಟಿಸುವುದು. ‘ಸಕ್ಕರೆ ಇಳಿದರೆ ಹದಿನೈದು ಗ್ರಾಂ ಸಿಹಿ ತಿನ್ನಿ, ಹದಿನೈದು ನಿಮಿಷ ಕಾಯಿರಿ, ಮತ್ತೆ ನೋಡಿ’ ಎಂಬುದನ್ನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ, ಬಸ್ಸಿನ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ. ಒಂದು ದಿನ ಹಾಗೆ ಹೇಳುತ್ತಾ ತಲೆ ಎತ್ತಿದರೆ, ಕಾಯುವ ಬೆಂಚಿನ ತುದಿಯಲ್ಲಿ ಮಾಮಿ. ಸೆರಗನ್ನು ಮುಖದ ಅರ್ಧಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದರು. ನಾನು ನೋಡದ ಹಾಗೆ ಇದ್ದೆ. ಸಂಜೆ ನಮ್ಮ ಬಾಗಿಲು ಬಡಿದು ಒಳಗೆ ಬಂದರು, ಕೂರಲಿಲ್ಲ. “ನೀ ನನ್ನ ನೋಡಿಲ್ಲ. ನಾ ಅಲ್ಲಿಗೆ ಬಂದಿಲ್ಲ. ತಿಳೀತಲ್ಲ?”

“ತಿಳೀತು ಮಾಮಿ. ಯಾಕೆ ಅಂತಲಾದ್ರೂ ಹೇಳಿ.”

“ಸೂಜಿ ಚುಚ್ಚಿಕೊಳ್ಳಾಕಿ, ಹೊತ್ತಿಗೆ ಸರಿಯಾಗಿ ತಿನ್ನಬೇಕಾದಾಕಿ ಅಂತ ಗೊತ್ತಾದ್ರ ತಿಥಿಗೆ ಯಾರು ಕರೀತಾರ? ನಡುವ ಏನಾರ ಬಾಯಿಗೆ ಹಾಕ್ಕೊಂಡಾಳು ಅಂತ ಅನುಮಾನ ಬಂದ್ರ ಮುಗೀತು. ನಂಗ ಇದೊಂದೇ ಕೆಲಸ ಬರ್ತದ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬೇರೆ ಕೆಲಸ ಬರುವುದಿಲ್ಲ ಎಂಬುದಕ್ಕಿಂತ, ಬೇರೆ ಕೆಲಸ ಬೇಕಿರಲಿಲ್ಲ ಎನ್ನುವುದು ಇನ್ನೂ ನಿಜ. ಯಾರದೋ ಸತ್ತ ತಾಯಿಗೆ ಯಾವ ಹೋಳಿಗೆ ಇಷ್ಟ, ಯಾರ ತಂದೆ ಹಾಗಲಕಾಯಿಗೆ ಬೆಲ್ಲ ಹಾಕಿದರೆ ಮುಟ್ಟುತ್ತಿರಲಿಲ್ಲ ಎಂದು ಅವರಿಗೆ ನೆನಪಿರುತ್ತಿತ್ತು. ಮಕ್ಕಳೇ ಮರೆತದ್ದನ್ನು ಇವರು ನೆನಪಿಸುತ್ತಿದ್ದರು. ನಮ್ಮಪ್ಪನಿಗೆ ಎಳ್ಳುಂಡೆ ಗಟ್ಟಿಯಿರಬಾರದು ಎಂದು ನನಗೆ ಹೇಳಿದ್ದು ಅವರೇ.

ಇನ್ಸುಲಿನ್ ತೆಗೆದುಕೊಳ್ಳುವವರು ಮಧ್ಯಾಹ್ನ ಎರಡರವರೆಗೆ ಒಲೆಯ ಮುಂದೆ ಬರಿಹೊಟ್ಟೆಯಲ್ಲಿ ನಿಲ್ಲುವುದೆಂದರೆ ಏನೆಂದು ನನಗೆ ಗೊತ್ತು. ಬಿಡಿ ಎಂದರೆ ಬಿಡುವವರಲ್ಲ. ಡಾಕ್ಟರ ಹತ್ತಿರ ಮಾತಾಡಿ ತಿಥಿಯ ದಿನಗಳಿಗೆ ಬೇರೆ ಡೋಸು ಬರೆಸಿದೆ. ಆಮೇಲೆ, ಕ್ಲಿನಿಕ್ಕಿಗೆ ಬಂದಿದ್ದ ಒಂದು ಸ್ಯಾಂಪಲ್ ಸೆನ್ಸರ್ ತಂದು, ಇದು ದಿನವಿಡೀ ಸಕ್ಕರೆ ನೋಡುತ್ತಿರುತ್ತದೆ, ನಿಮ್ಮ ಫೋನಿಗೆ ನಂಬರು ಬರುತ್ತದೆ, ಅಲ್ಲಿಂದ ನನ್ನ ಫೋನಿಗೂ ಬರುತ್ತದೆ ಎಂದು ವಿವರಿಸಿದೆ. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಬಿಳಿಯ ಬಿಲ್ಲೆ. ಅಂಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಇದು ನನ್ನ ಕೂಡ ಸ್ನಾನ ಮಾಡ್ತದೇನು?”

“ಮಾಡುತ್ತೆ. ನೀರು ಬಿದ್ರೆ ಏನೂ ಆಗಲ್ಲ.”

“ಹಂಗಾದ್ರ ಇದೂ ಮಡಿ. ಫೋನಿಗೆ ಸ್ನಾನ ಮಾಡಸ್ಲಿಕ್ಕೆ ಆಗೂದಿಲ್ಲ. ಅದು ಹೊರಗ.” ಹೀಗೆ ಅವರೇ ಪ್ರಶ್ನೆ ಕೇಳಿ ಅವರೇ ತೀರ್ಪು ಕೊಟ್ಟು ಎಡತೋಳು ಮುಂದೆ ಮಾಡಿದರು. ಅಂಟಿಸುವಾಗ ಕಣ್ಣು ಮುಚ್ಚಿದ್ದರು. ಮುಗಿಯಿತು ಎಂದೆ. “ಅಯ್ಯ, ಇಷ್ಟೇನಾ? ಇರುವಿ ಕಡಿದಷ್ಟೂ ಇಲ್ಲ,” ಎಂದು ಕಣ್ಣು ಬಿಟ್ಟರು. ಎರಡು ವಾರಕ್ಕೊಮ್ಮೆ ಹೊಸ ಬಿಲ್ಲೆ. ಆಮೇಲಿನವನ್ನು ತಮ್ಮನ ಮಗ ತಂದುಕೊಡುತ್ತಿದ್ದ.

ಅಲ್ಲಿಂದ ನಮ್ಮ ಬಳಕೆ ಶುರುವಾಯಿತು. ನಾನು ಎದುರು ಸಿಕ್ಕರೆ ಸಾಕು, “ಎಷ್ಟದ ನೋಡು,” ಎನ್ನುತ್ತಿದ್ದರು. ಫೋನು ಅವರ ಕೈಯಲ್ಲೇ ಇರುತ್ತಿತ್ತು, ಆದರೂ ನಾನೇ ಹೇಳಬೇಕು. ಹಾಲು ತರಲು ಹೋದಾಗ, ಲಿಫ್ಟಿನಲ್ಲಿ, ಹೂವಿನವಳು ಮೊಳ ಹಾಕುತ್ತಿರುವಾಗ, ಎಲ್ಲಾ ಕಡೆ ಇದೇ. ನೂರಾ ನಲವತ್ತು ಅಂದರೆ ತಲೆಯಾಡಿಸುತ್ತಿದ್ದರು. ಇನ್ನೂರಾ ಮೂವತ್ತು ಅಂದರೆ, “ನಿನ್ನೆ ಆ ಅಯ್ಯರ್ ಮನಿ ಪೊಂಗಲ್ ಚಲೋ ಇತ್ತವಾ,” ಎಂದು ಅಪರಾಧಿಯ ಹಾಗಲ್ಲ, ಗೆದ್ದವರ ಹಾಗೆ ನಗುತ್ತಿದ್ದರು.

ತಿಥಿಯ ಮನೆಗಳಲ್ಲಿ ಫೋನನ್ನು ಬಟ್ಟೆಚೀಲದಲ್ಲಿ ಹಾಕಿ ಅಡಿಗೆಮನೆಯ ಹೊರಗಿನ ಮೊಳೆಗೆ ತೂಗುಹಾಕುತ್ತಿದ್ದರು. ಏನದು ಎಂದು ಯಾರಾದರೂ ಕೇಳಿದರೆ, “ಪಂಚಾಂಗ ಅದರಾಗಽ ಅದ,” ಎನ್ನುತ್ತಿದ್ದರು. ಕ್ಲಿನಿಕ್ಕಿನಲ್ಲಿ ಕೂತು ನಾನು ನಂಬರು ನೋಡುತ್ತಿದ್ದೆ. ಎಂಬತ್ತಕ್ಕಿಂತ ಕೆಳಗೆ ಬಂದರೆ ಅವರ ಫೋನಿಗೆ ರಿಂಗು ಕೊಡುವುದು, ಅವರು ಎತ್ತುವುದಿಲ್ಲ, ಮಡಿ, ಆದರೆ ಕೇಳಿಸಿಕೊಳ್ಳುತ್ತಾರೆ. ಮೊದಲ ರಿಂಗಿಗೆ ಸೆರಗು ಸಡಿಲ ಮಾಡಿಕೊಳ್ಳಬೇಕು. ಯಾಕೆಂದರೆ ಬಿಲ್ಲೆಯ ಮೇಲೆ ಏನಾದರೂ ಬಿಗಿಯಾಗಿ ಒತ್ತಿದರೆ ಅದು ಸುಳ್ಳು ಹೇಳುತ್ತದೆ, ಸಕ್ಕರೆ ಇಳಿಯದಿದ್ದರೂ ಇಳಿದಿದೆ ಎಂದು ತೋರಿಸುತ್ತದೆ. ಮಾಮಿ ಒದ್ದೆಯ ಮಡಿಸೀರೆಯ ಸೆರಗನ್ನು ತೋಳಿನ ಸುತ್ತ ಬಿಗಿದು ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ಬಿಲ್ಲೆ ಯಾರಿಗೂ ಕಾಣಬಾರದೆಂದು ಇನ್ನೂ ಬಿಗಿಯುತ್ತಿದ್ದರು. ಸಡಿಲ ಮಾಡಿದ ಹದಿನೈದು ನಿಮಿಷಕ್ಕೆ ನಂಬರು ತಾನಾಗಿ ಏರುತ್ತಿತ್ತು. ಏರದಿದ್ದರೆ ಎರಡನೆಯ ರಿಂಗು. ಅದಕ್ಕೆ, ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬೇಕು. ಇದು ಒಪ್ಪಂದ. ಎರಡನೆಯ ರಿಂಗಿನ ಅಗತ್ಯ ಎರಡು ವರ್ಷದಲ್ಲಿ ಒಮ್ಮೆಯೂ ಬೀಳಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಮಲಗಿದಾಗಲೂ ಇದೇ ಕತೆ. ಅವರಿಗೆ ಎಡ ಮಗ್ಗುಲಲ್ಲೇ ನಿದ್ದೆ. ತೋಳು ಮೈಯಡಿಗೆ ಸಿಕ್ಕಿ ನಂಬರು ಬಿದ್ದು ನನ್ನ ಫೋನು ಕೂಗುತ್ತಿತ್ತು. ರಜೆಯ ದಿನವಾದರೆ ನಾನೇ ಎದುರು ಹೋಗಿ, ಹೊಸ್ತಿಲಲ್ಲಿ ನಿಂತು, “ಮಾಮಿ, ಮಗ್ಗುಲು ಬದಲಾಯಿಸಿ,” ಎನ್ನುತ್ತಿದ್ದೆ. ಕ್ಲಿನಿಕ್ಕಿನಲ್ಲಿದ್ದರೆ ಫೋನ್ ಮಾಡಿ ಅದನ್ನೇ ಹೇಳುತ್ತಿದ್ದೆ. “ಸಾಯಲಿ ನಿನ್ನ ಬಿಲ್ಲಿ, ಮನುಷ್ಯಾರು ಮಲಗಬಾರದೇನು?” ಎಂದು ಗೊಣಗಿ ಹೊರಳುತ್ತಿದ್ದರು. ನಂಬರು ಏರುತ್ತಿತ್ತು. ನಮ್ಮ ಕ್ಲಿನಿಕ್ಕಿನ ಹುಡುಗಿಯರು ನಾನು ಫೋನಿನಲ್ಲಿ ಯಾರಿಗೋ ದಿನಾ ಮಗ್ಗುಲು ಬದಲಾಯಿಸಿ ಎಂದು ಹೇಳುವುದನ್ನು ಕೇಳಿ, “ಯಾರು ಮೇಡಂ ಅದು?” ಎಂದು ಕಣ್ಣು ಹೊಡೆಯುತ್ತಿದ್ದರು.

ಈಗ ನಮ್ಮಪ್ಪನ ತಿಥಿಯ ದಿನದ ವಿಷಯ. ಕಳೆದ ವರ್ಷದ್ದಲ್ಲ, ಅದರ ಹಿಂದಿನದು. ರಾಯಪುರಂನಲ್ಲಿರುವ ನನ್ನ ಅಣ್ಣ ಬಂದರಿನ ಆಫೀಸಿಗೆ ರಜೆ ಹಾಕಿ ಬಂದಿದ್ದ. ಕರ್ತೃ ಅವನು, ಮನೆ ನನ್ನದು. ಹಾಲ್‌ನಲ್ಲಿ ಪುರೋಹಿತರಾದ ಆಚಾರ್ಯರು, ಇಬ್ಬರು ಬ್ರಾಹ್ಮಣರು. ಅಡಿಗೆಮನೆಯಲ್ಲಿ ಮಾಮಿ ಒಬ್ಬರೇ. ನಾನು ಮಡಿಯಲ್ಲಿರಲಿಲ್ಲ, ಹಾಗಾಗಿ ಹೊಸ್ತಿಲಾಚೆ ಸ್ಟೂಲ್ ಹಾಕಿಕೊಂಡು ಅವರ ಫೋನು ಹಿಡಿದು ಕೂತಿದ್ದೆ. ಬೇರೆ ಮನೆಗಳಲ್ಲಿ ರಿಂಗು, ನಮ್ಮ ಮನೆಯಲ್ಲಿ ನೇರ ನಾನೇ.

ಹನ್ನೊಂದೂವರೆಗೆ, “ಎಷ್ಟದ ನೋಡು,” ಅಂದರು.

“ಎಪ್ಪತ್ತೆಂಟು. ಇಳೀತಾ ಇದೆ. ಸೆರಗು ಸಡಿಲ ಮಾಡ್ಕೊಳ್ಳಿ.”

ಮಾಡಿಕೊಂಡರು. ವಡೆಯ ಬಾಣಲೆ ಇಟ್ಟರು. ಹದಿನೈದು ನಿಮಿಷ ಕಾದೆ. ಅರವತ್ತಾರು.

“ಮಾಮಿ, ಇದು ಸೆರಗಿನದಲ್ಲ. ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಳ್ಳಿ.”

“ಇನ್ನೂ ಬ್ರಾಹ್ಮಣರು ಕೂತಿಲ್ಲವಾ.”

“ಒಪ್ಪಂದ ಆಗಿತ್ತಲ್ಲ!”

“ಬ್ಯಾರೇದವರ ಮನ್ಯಾಗಾದ್ರ ಹಾಕ್ಕೋತಿದ್ನೋ ಏನೋ. ನಿಮ್ಮಪ್ಪಂದು. ಇನ್ನೊಂದು ಸಲ ಸಡಿಲ ಮಾಡ್ಕೋತೀನಿ, ಇರು.”

ನಾನು ಇದ್ದೆ. ಇದನ್ನು ನುಂಗಿಕೊಳ್ಳಲು ನನಗೆ ಆಗುವುದಿಲ್ಲ. ದಿನಕ್ಕೆ ಹತ್ತು ಜನಕ್ಕೆ ಪಾಠ ಹೇಳುವವಳು, ಅಪ್ಪನ ತಿಥಿ ಕೆಡಬಾರದೆಂದು ಸ್ಟೂಲಿನ ಮೇಲೆ ಕೂತೇ ಇದ್ದೆ. ಒಳಗೆ ಹೆಜ್ಜೆ ಇಟ್ಟರೆ ಮಾಡಿದ್ದೆಲ್ಲ ಮೈಲಿಗೆ, ಮತ್ತೆ ಮೊದಲಿಂದ. ಹಾಲ್‌ನಲ್ಲಿ ಅಣ್ಣ ಮಂತ್ರ ಹೇಳುತ್ತಿದ್ದ. ಐವತ್ತೆಂಟಾಯಿತು. ಐವತ್ತೊಂದಾಯಿತು. ಮಾಮಿ ವಡೆ ತಿರುವಿಹಾಕುತ್ತಿದ್ದ ಕೈ ನಿಲ್ಲಿಸಿ ಗೋಡೆ ನೋಡುತ್ತಾ ನಿಂತರು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. “ಮಾಮಿ!” ಅಂದೆ. ತಿರುಗಿ ನನ್ನನ್ನು ನೋಡಿ, “ಅಣ್ಣ ಬಂದನೇನು?” ಅಂದರು. ಯಾವ ಅಣ್ಣನೋ. ಗ್ಯಾಸಿನ ಕಟ್ಟೆ ಹಿಡಿದು ಮೆಲ್ಲಗೆ ನೆಲಕ್ಕೆ ಜಾರಿದರು.

ಆಗ ಹೊಸ್ತಿಲು ದಾಟಿದೆ. ಒಲೆ ಆರಿಸಿದೆ. ಸೆರಗಿನ ಗಂಟು ಬಿಚ್ಚಿದರೆ ಕಲ್ಲುಸಕ್ಕರೆ ಒದ್ದೆ ಬಟ್ಟೆಯಲ್ಲಿ ಎಂದೋ ಕರಗಿ ಹೋಗಿತ್ತು, ಬರೀ ಅಂಟು. ಕಣ್ಣು ಬಿಟ್ಟಿದ್ದರು, ನುಂಗಲು ಆಗುತ್ತಿತ್ತು. ಇನ್ನೂ ಯಾರಿಗೂ ಬಡಿಸದ ಪಾಯಸದ ಪಾತ್ರೆಗೆ ಸೌಟು ಹಾಕಿ, ಲೋಟಕ್ಕೆ ಬಗ್ಗಿಸಿ, ಊದಿ ಊದಿ ಕುಡಿಸಿದೆ. ಅಪ್ಪನ ಪಾಯಸ. ಹದಿನೈದು ನಿಮಿಷ ಅವರ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು ಕೂತೆ. ಐವತ್ತೊಂದು ಐವತ್ತೈದಾಯಿತು, ಎಪ್ಪತ್ತಾಯಿತು. ಮಾಮಿ ನನ್ನ ಕೈ ನೋಡಿದರು, ಪಾತ್ರೆ ನೋಡಿದರು.

“ಮುಟ್ಟಿಬಿಟ್ಟ್ಯಾ?” ಅಂದರು.

ತಿಂಡಿ ತಿನ್ನಿ ಎಂದು ಬೈದೆ, ಎರಡು ಬಾಳೆಹಣ್ಣು ತಿಂದರು. ಎದ್ದು ಸ್ನಾನ ಮಾಡಿ, ಇನ್ನೊಂದು ಮಡಿಸೀರೆ ಉಟ್ಟು, ಮಾಡಿದ್ದೆಲ್ಲವನ್ನೂ ಪಕ್ಕಕ್ಕಿಟ್ಟು ಅಷ್ಟೂ ಅಡಿಗೆಯನ್ನು ಮೊದಲಿಂದ ಮಾಡಿದರು. ಬ್ರಾಹ್ಮಣರ ಊಟ ಮುಗಿಯುವಾಗ ನಾಲ್ಕು ಗಂಟೆ. ತಡವೇಕೆ ಎಂದು ಆಚಾರ್ಯರು ಕೇಳಿದ್ದಕ್ಕೆ, “ಸ್ವಲ್ಪ ತಲೆ ಸುತ್ತಿತಂತೆ,” ಎಂದೆ. ಸಾರಿಗೆ ಉಪ್ಪು ಸರಿಯಾಗಿತ್ತು.

ಎರಡು ದಿನ ಬಿಟ್ಟು ನಾನೇ ಆಚಾರ್ಯರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇನ್ಸುಲಿನ್ ಹೇಳಿದೆ, ಬಿಲ್ಲೆ ಹೇಳಿದೆ, ನಮ್ಮ ಮನೆಯಲ್ಲಿ ಬಿದ್ದದ್ದೂ ಹೇಳಿದೆ. ಇನ್ನೊಂದು ಮನೆಯಲ್ಲಿ ಕುದಿಯುವ ಎಣ್ಣೆಯ ಮುಂದೆ ಹೀಗಾದರೆ ಹೊಸ್ತಿಲಲ್ಲಿ ಯಾರೂ ಕೂತಿರುವುದಿಲ್ಲ ಎಂಬುದು ನನ್ನ ತರ್ಕ. ಅದು ತಪ್ಪು ತರ್ಕ ಎಂದು ಈಗಲೂ ಅನ್ನಿಸಿಲ್ಲ. ಆಚಾರ್ಯರು ಒಳ್ಳೆಯವರು, “ಅಯ್ಯೋ ಪಾಪ, ಅವರಿಗೆ ವಿಶ್ರಾಂತಿ ಬೇಕು ಬಿಡಿ,” ಅಂದರು. ಅವರ ಆ ವಿಶ್ರಾಂತಿ ಎರಡೇ ತಿಂಗಳಲ್ಲಿ ಎಲ್ಲಾ ಮನೆಗಳಿಗೂ ತಲುಪಿತು. ಮಾಮಿಯ ಫೋನು ರಿಂಗಾಗುವುದು ನಿಂತಿತು. ಪಂಚಾಂಗ ತೆಗೆದು, ಇವತ್ತು ಇಂಥವರ ತಾಯಿಯದು, ನಾಳೆ ಇಂಥವರ ಮಾವನದು ಎಂದು ಓದಿ ಮುಚ್ಚಿಡುತ್ತಿದ್ದರು. ಆ ಮನೆಗಳಿಗೆ ಯಾರು ಹೋಗಿರಬಹುದು ಎಂದು ಕೇಳುತ್ತಿರಲಿಲ್ಲ. ನಾನು ಎದುರು ಸಿಕ್ಕರೆ ಮಾತ್ರ ಮೊದಲಿನ ಹಾಗೇ, ಎಷ್ಟದ ನೋಡು.

ನಂಬರು ಬಹಳ ಚೆನ್ನಾಗಿತ್ತು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಸೂಜಿ, ಒಲೆಯ ಮುಂದೆ ನಿಲ್ಲುವುದಿಲ್ಲ, ಯಾರ ಮನೆಯ ಪೊಂಗಲ್ಲೂ ಇಲ್ಲ. ಬೆಳಿಗ್ಗೆ ನೂರಾ ಹದಿನೈದು, ಮಧ್ಯಾಹ್ನ ನೂರಾ ಮೂವತ್ತು, ಸಂಜೆ ನೂರಾ ಇಪ್ಪತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಗ್ರಾಫು ತೆಗೆದು, “ಮಾಮಿ, ಸೂಪರ್ ಕಂಟ್ರೋಲ್! ಇಪ್ಪಡಿಯೇ ಇರುಂಗೋ,” ಎಂದು ಹಾಗೇ ಇರಲು ಹೇಳಿದರು. ಬೇರೆ ರೋಗಿಗಳಿಗೆ ತೋರಿಸಲು ಆ ಗ್ರಾಫನ್ನು ಪ್ರಿಂಟು ಹಾಕಿಸಿ ಗೋಡೆಗೆ ಅಂಟಿಸುವುದು ನನ್ನ ಕೆಲಸವಾಯಿತು. ಹೆಸರಿಲ್ಲದೆ ಅಂಟಿಸಿದೆ. ಮಾಮಿ ಕನ್ನಡಕ ಏರಿಸಿ ಅದನ್ನು ನೋಡಿದರು.

“ಇದು ನಂದೇನು?”

“ನಿಮ್ಮದೇ.”

“ಅಲಿ ಏಳದ ಬೀಚು ಇದ್ದಂಗ ಅದಲ್ಲ,” ಅಂದರು.

ನಾನು ನಕ್ಕೆ. ನಗಬಾರದಿತ್ತು. ಆಟೋದಲ್ಲಿ ವಾಪಸು ಬರುವಾಗ, ವಡಪಳನಿಯ ಸಿಗ್ನಲ್ಲಿನಲ್ಲಿ ನಿಂತಾಗ, ಹೊರಗೆ ನೋಡುತ್ತಲೇ ಅವರು ಕೇಳಿದರು, “ಆಚಾರ್ಯರಿಗೆ ಹೇಳಿದಾಕಿ ನೀನೇ ಅಲ್ಲೇನು?”

ಹೌದು ಎಂದೆ.

“ಗೊತ್ತಿತ್ತು. ನಿನ್ನ ಬಿಟ್ಟು ನನ್ನ ನಂಬರು ಇನ್ಯಾರಿಗೆ ಗೊತ್ತು?”

“ಬೇಕಾದ್ರೆ ನನ್ನ ಫೋನಿಂದ ತೆಗೆದುಹಾಕ್ತೀನಿ ಮಾಮಿ. ನಿಮ್ಮ ನಂಬರು ನನಗೆ ಬರೋದು ಬೇಡ.”

“ಯಾಕ? ಇರ್ಲಿ. ನೋಡೋರು ಒಬ್ರಾದ್ರೂ ಇರ್ಲಿ.” ಸಿಗ್ನಲ್ ಬಿಟ್ಟಿತು. ಇಳಿದ ಮೇಲೆ, ಸಂಜೆಗೆ ಮೆಣಸಿನ ಸಾರು ಮಾಡುತ್ತೇನೆ, ಒಂದು ಲೋಟ ಕಳಿಸಲೇ ಎಂದರು. ಕಳಿಸಿ ಎಂದೆ. ಕ್ಷಮಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ಕೇಳಬೇಕಿತ್ತು. ಸಾರು ಬಂತು, ಕುಡಿದೆ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಏನೂ ಇಲ್ಲ. ನೂರಾ ಹದಿನೈದು, ನೂರಾ ಮೂವತ್ತು, ನೂರಾ ಇಪ್ಪತ್ತು. ಒಮ್ಮೆ ಮಾತ್ರ ನಾನು ಬೇಗ ಮನೆಗೆ ಬಂದಾಗ ಅವರ ಬಾಗಿಲು ತೆರೆದಿತ್ತು. ಒಳಗೆ ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತಿದ್ದರು, ಫೋನು ಬಟ್ಟೆಚೀಲದಲ್ಲಿ ಹೊರಗಿನ ಮೊಳೆಗೆ ತೂಗುತ್ತಿತ್ತು. ಯಾರ ತಿಥಿ ಎಂದು ಕೇಳಿದೆ. “ಯಾರದೂ ಅಲ್ಲವಾ. ಸಾರು ಕುದಿಯೂದು ಕೇಳ್ಬೇಕನಿಸ್ತು,” ಅಂದರು. ನಾನು ಹೊಸ್ತಿಲಾಚೆ ನೆಲದ ಮೇಲೆ ಕೂತೆ. ಎಷ್ಟದ ನೋಡು ಅಂದರು. ನೂರಾ ನಾಲ್ಕು ಅಂದೆ.

ಅವರು ಹೋದದ್ದು ಹೃದಯಾಘಾತದಿಂದ. ಸಕ್ಕರೆಗೂ ಅದಕ್ಕೂ ಸಂಬಂಧ ಕಲ್ಪಿಸಿಕೊಳ್ಳಬೇಡಿ, ನಂಬರು ಬೀಳುವ ಮೊದಲೇ ಹೋಗಿದ್ದಾರೆ ಎಂದು ಡಾಕ್ಟರು ನನಗೆ ಎರಡು ಸಲ ಹೇಳಿದರು. ನಾನು ಕೇಳದಿದ್ದರೂ ಹೇಳಿದರು. ಗೋಡೆಯ ಮೇಲಿನ ಗ್ರಾಫು ಇನ್ನೂ ಅಲ್ಲೇ ಇದೆ. ಹೊಸ ರೋಗಿಗಳಿಗೆ ನಾನು ಅದನ್ನು ಬೆರಳಿಟ್ಟು ತೋರಿಸುತ್ತೇನೆ, ಹೀಗಿರಬೇಕು ಎನ್ನುತ್ತೇನೆ.

ಅವರು ಹೋದ ದಿನ ನನಗೆ ರಜೆ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನು ಕೂಗಿತು. ಅರವತ್ತೆಂಟು. ಮಲಗಿದ್ದಾರೆ ಎಂದುಕೊಂಡು ಕೂಗು ನಿಲ್ಲಿಸಿ ಮೊಸರನ್ನ ಕಲಸಿಕೊಂಡೆ. ತಟ್ಟೆ ತೊಳೆದಿಟ್ಟು ನೋಡಿದರೆ ಐವತ್ತೆರಡು. ಫೋನ್ ಮಾಡಿದೆ. ಅದು ಎದುರುಮನೆಯಲ್ಲಿ ರಿಂಗಾಗುವುದು ನನಗೇ ಕೇಳಿಸುತ್ತಿತ್ತು. ಹೋದೆ. ಹೂವಿನವಳು ಬರುತ್ತಾಳೆಂದು ಅವರು ಆ ಹೊತ್ತಿಗೆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು, “ಮಾಮಿ, ಮಗ್ಗುಲು ಬದಲಾಯಿಸಿ,” ಅಂದೆ. ಇನ್ನೊಂದು ಸಲ ಜೋರಾಗಿ ಅಂದೆ. ಆಮೇಲೆ ಒಳಗೆ ಹೋದೆ. ಎಡ ಮಗ್ಗುಲಲ್ಲಿ, ತೋಳು ಮೈಯಡಿಗೆ ಹಾಕಿಕೊಂಡು ಮಲಗಿದ್ದರು. ಕೈ ಮುಟ್ಟಿದೆ. ಇಪ್ಪತ್ತೆರಡು ವರ್ಷ ಕ್ಲಿನಿಕ್ಕಿನಲ್ಲಿದ್ದವಳು, ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಾಯಿತು. ಆದರೂ ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ಬಲಗಡೆಗೆ ಹೊರಳಿಸಿದೆ, ಸೆರಗು ಸಡಿಲ ಮಾಡಿದೆ. ಬಿಲ್ಲೆಯ ಸುತ್ತ ಚರ್ಮ ಕೆಂಪಾಗಿ ಒತ್ತಿಕೊಂಡಿತ್ತು. ಗಡಿಯಾರದಲ್ಲಿ ಮೂರೂ ಹತ್ತು. ಅವರ ಫೋನನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. ಯಾರನ್ನೂ ಕರೆಯಲಿಲ್ಲ. ಮೂರೂ ಇಪ್ಪತ್ತೈದರವರೆಗೆ ಕಾದು ನಂಬರು ನೋಡಿದೆ. ಆಮೇಲೆ ಪಲ್ಲಾವರಂಗೆ ಫೋನ್ ಮಾಡಿದೆ.